ಹಲವರು ಹೇಳುವ ಕತ್ತಲ ಕಥೆ

ಮನೋವೈಜ್ಞಾನಿಕ ಥ್ರಿಲ್ಲರ್‌ನಲ್ಲಿ ಅಪರಾಧಕ್ಕಿಂತ ಅಪರಾಧದ ಸುತ್ತ ಇರುವ ಮನಸ್ಸುಗಳೇ ಮುಖ್ಯ. ಪತ್ತೇದಾರಿ ಕಾದಂಬರಿ ಸುಳಿವುಗಳನ್ನು ಒಂದೊಂದಾಗಿ ಜೋಡಿಸಿ, ಕೊನೆಯ ಪುಟಗಳಲ್ಲಿ ಅಪರಾಧಿಯನ್ನು ಹಿಡಿದು ನಿಲ್ಲಿಸುತ್ತದೆ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಒಂದೇ ಉಸಿರಿಗೆ ಓದಿ ಮುಗಿಸುತ್ತಿದ್ದ ತಲೆಮಾರಿಗೆ ಆ ದಾರಿ ಚಿರಪರಿಚಿತ. ಅಲ್ಲಿ ಅನುಮಾನವೆಲ್ಲ ಪಾತ್ರಗಳ ಮೇಲೆ. ಕಥೆ ಹೇಳುವವನ ಮೇಲೆ ಯಾರಿಗೂ ಅನುಮಾನವಿಲ್ಲ. ಮನೋವೈಜ್ಞಾನಿಕ ಥ್ರಿಲ್ಲರ್ ಈ ಆಸರೆಯನ್ನೇ ಕಿತ್ತುಕೊಳ್ಳುತ್ತದೆ. ಹೇಳುವವರಿಗೆ ನೆನಪು ಕೈಕೊಟ್ಟಿರಬಹುದು, ಭಯವಿರಬಹುದು, ಮುಚ್ಚಿಡಬೇಕಾದದ್ದು ಇರಬಹುದು, ತಾವು ಹೇಳಿದ ಸುಳ್ಳನ್ನು ತಾವೇ ನಂಬಿರಲೂಬಹುದು. ಒಂದೇ ಕಥೆಯನ್ನು ಮೂರು ನಾಲ್ಕು ಜನ ಸರದಿಯಲ್ಲಿ ಹೇಳತೊಡಗಿದರೆ ಓದುಗರ ಕೆಲಸ ಇನ್ನಷ್ಟು ಕಷ್ಟವಾಗುತ್ತದೆ, ರುಚಿಯೂ ಹೆಚ್ಚುತ್ತದೆ. ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ಹೇಳುತ್ತಾರೆ. ಒಬ್ಬರು ಕಂಡೆನೆಂದದ್ದನ್ನು ಮತ್ತೊಬ್ಬರು ಅಲ್ಲಗಳೆಯುತ್ತಾರೆ. ಯಾವ ಮಾತಿಗೆ ಎಷ್ಟು ತೂಕ ಎಂದು ತೀರ್ಮಾನಿಸಬೇಕಾದವರು ಓದುಗರೇ.

ಈ ಬಗೆಯ ಕಾದಂಬರಿಯ ಮೊದಲ ದೊಡ್ಡ ಉದಾಹರಣೆಗಳಲ್ಲಿ ಒಂದು ಶುರುವಾಗುವುದು ಮೈಸೂರಿನಿಂದ ಸುಮಾರು 15 ಕಿಲೋಮೀಟರ್ ದೂರದ ಶ್ರೀರಂಗಪಟ್ಟಣದಲ್ಲಿ. ವಿಲ್ಕಿ ಕಾಲಿನ್ಸ್ ಬರೆದ ಇಂಗ್ಲಿಷ್ ಕಾದಂಬರಿ ‘ದಿ ಮೂನ್‌ಸ್ಟೋನ್’ 1868ರಲ್ಲಿ ಚಾರ್ಲ್ಸ್ ಡಿಕನ್ಸ್‌ನ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಅದರ ಮುನ್ನುಡಿಯಂಥ ಮೊದಲ ಭಾಗದ ಕಾಲ 1799ರ ಮೇ ತಿಂಗಳು. ಟಿಪ್ಪು ಸುಲ್ತಾನನ ಕೋಟೆಯನ್ನು ಕಂಪನಿಯ ಸೈನ್ಯ ಲಗ್ಗೆಯಿಟ್ಟು ಹಿಡಿದ ದಿನ. ಜಾನ್ ಹರ್ನ್‌ಕ್ಯಾಸಲ್ ಎಂಬ ಅಧಿಕಾರಿ ಅರಮನೆಯ ಆಯುಧಶಾಲೆಯಲ್ಲಿ ವಜ್ರವೊಂದನ್ನು ದೋಚುತ್ತಾನೆ. ಅದನ್ನು ಬರೆದಿಟ್ಟವನು ಅವನ ದಾಯಾದಿ. ಅವನು ಆಯುಧಶಾಲೆಯ ಬಾಗಿಲಿಗೆ ಬರುವ ಹೊತ್ತಿಗೆ ಕೊಲೆಗಳು ಮುಗಿದಿವೆ. ಹರ್ನ್‌ಕ್ಯಾಸಲ್ ಒಂದು ಕೈಯಲ್ಲಿ ಪಂಜು, ಇನ್ನೊಂದು ಕೈಯಲ್ಲಿ ರಕ್ತ ಸೋರುವ ಕಠಾರಿ ಹಿಡಿದು ನಿಂತಿದ್ದಾನೆ. ಸಾಯುತ್ತಿರುವವನೊಬ್ಬ ಆ ಕಠಾರಿಯ ಕಡೆ ಕೈತೋರಿಸಿ ಶಾಪ ಹಾಕುತ್ತಾನೆ. ಕೊಂದದ್ದನ್ನು ಕಣ್ಣಾರೆ ಕಂಡಿಲ್ಲವಾದ್ದರಿಂದ ತನ್ನ ಬಳಿ ಪುರಾವೆಯಿಲ್ಲ ಎಂದು ದಾಯಾದಿಯೇ ಒಪ್ಪಿಕೊಳ್ಳುತ್ತಾನೆ. ಇಡೀ ಕಾದಂಬರಿಯನ್ನು ಹೇಗೆ ಓದಬೇಕೆಂಬ ಪಾಠ ಈ ಮೊದಲ ಕೆಲವು ಪುಟಗಳಲ್ಲೇ ಇದೆ. ಸಾಕ್ಷಿಗೆ ಎಲ್ಲಿಯವರೆಗೆ ಗೊತ್ತು, ಎಲ್ಲಿಂದಾಚೆ ಅವನದು ಊಹೆ ಎಂಬ ಗೆರೆಯನ್ನು ಓದುಗರು ತಾವೇ ಎಳೆದುಕೊಳ್ಳಬೇಕು.

ಕಾಲಿನ್ಸ್ ಕಾನೂನು ಓದಿದ್ದವನು. ಕಥೆಯನ್ನು ನ್ಯಾಯಾಲಯದ ಸಾಕ್ಷ್ಯದಂತೆ ಕಟ್ಟುವ ಈ ಉಪಾಯವನ್ನು ಅವನು ಇದಕ್ಕೂ ಮೊದಲೇ, 1859–60ರಲ್ಲಿ ಬಂದ ‘ದಿ ವುಮನ್ ಇನ್ ವೈಟ್’ನಲ್ಲಿ ಪ್ರಯೋಗಿಸಿದ್ದ. ‘ದಿ ಮೂನ್‌ಸ್ಟೋನ್’ನಲ್ಲಿ ಅದು ಪಳಗಿದೆ. ವಜ್ರ ಹಲವು ವರ್ಷಗಳ ಮೇಲೆ ಇಂಗ್ಲೆಂಡಿನ ರೇಚಲ್ ವೆರಿಂಡರ್ ಎಂಬ ಹುಡುಗಿಗೆ ಹದಿನೆಂಟನೆಯ ಹುಟ್ಟುಹಬ್ಬದ ಉಡುಗೊರೆಯಾಗಿ ಬರುತ್ತದೆ. ಅದೇ ರಾತ್ರಿ ಕಾಣೆಯಾಗುತ್ತದೆ. ಮುಂದಿನ ಕಥೆಯನ್ನು ಮನೆಯ ಹಳೆಯ ಮೇಲ್ವಿಚಾರಕ ಬೆಟರೆಜ್, ಧರ್ಮಪ್ರಚಾರದ ಕರಪತ್ರ ಹಂಚುತ್ತ ಎಲ್ಲರ ಮನೆಯ ಬಾಗಿಲಿಗೆ ಕಿವಿಗೊಡುವ ಮಿಸ್ ಕ್ಲ್ಯಾಕ್, ಕುಟುಂಬದ ವಕೀಲ, ರೇಚಲ್‌ಳನ್ನು ಪ್ರೀತಿಸುವ ಫ್ರಾಂಕ್ಲಿನ್ ಬ್ಲೇಕ್, ವೈದ್ಯನ ಸಹಾಯಕ ಎಜ್ರಾ ಜೆನ್ನಿಂಗ್ಸ್, ಇನ್ನೂ ಕೆಲವರು ಹೇಳುತ್ತಾರೆ. ಪ್ರತಿಯೊಬ್ಬರೂ ತಮಗೆ ಗೊತ್ತಿದ್ದಷ್ಟನ್ನೇ ಹೇಳಬೇಕೆಂಬುದು ಷರತ್ತು. ಹೇಳುವಾಗ ಪ್ರತಿಯೊಬ್ಬರೂ ತಮ್ಮ ಬಗ್ಗೆ ಗೊತ್ತಿಲ್ಲದೆಯೇ ಇನ್ನೂ ಏನೇನೋ ಬಿಟ್ಟುಕೊಡುತ್ತಾರೆ. ಮಿಸ್ ಕ್ಲ್ಯಾಕ್ ತನ್ನ ಭಕ್ತಿಯನ್ನು ಹೊಗಳಿಕೊಂಡಷ್ಟೂ ಅವಳ ಅಸೂಯೆ ಬಯಲಾಗುತ್ತದೆ.

ಈ ಕಾದಂಬರಿಯ ಗುಟ್ಟನ್ನು ಹೇಳದೆ ವಿಷಯ ಮುಂದಕ್ಕೆ ಹೋಗದು. ವಜ್ರವನ್ನು ಕೋಣೆಯಿಂದ ಎತ್ತಿದ ಕೈ ಫ್ರಾಂಕ್ಲಿನ್ ಬ್ಲೇಕನದೇ. ಕಳ್ಳನನ್ನು ಹುಡುಕಲು ಎಲ್ಲರಿಗಿಂತ ಹೆಚ್ಚು ಓಡಾಡಿದವನೂ ಅವನೇ. ಅವನಿಗೆ ಗೊತ್ತಿಲ್ಲದಂತೆ ಆ ರಾತ್ರಿ ಅಫೀಮು ಕುಡಿಸಲಾಗಿತ್ತು. ಮಾಡಿದ್ದು ಅವನಿಗೆ ಒಂದಿಷ್ಟೂ ನೆನಪಿಲ್ಲ. ಅವನು ಸುಳ್ಳು ಹೇಳುತ್ತಿಲ್ಲ, ಆದರೂ ಅವನ ಮಾತು ನಿಜವಲ್ಲ. ಸಂಧಿವಾತದ ನೋವಿಗೆ ಅಫೀಮಿನ ಔಷಧ ಸೇವಿಸುತ್ತಲೇ ಈ ಕಾದಂಬರಿ ಬರೆದ ಕಾಲಿನ್ಸ್‌ಗೆ ಆ ಮಂಪರು ಓದಿ ತಿಳಿದ ವಿಷಯವಾಗಿರಲಿಲ್ಲ. ಕುಡಿತದಿಂದ ಒಂದು ರಾತ್ರಿಯ ನೆನಪನ್ನು ಕಳೆದುಕೊಂಡ ಹೆಂಗಸೂ ಸೇರಿ ಮೂವರು ಹೇಳುವ ‘ದಿ ಗರ್ಲ್ ಆನ್ ದಿ ಟ್ರೈನ್’ (2015), ಗಂಡನ ಮಾತು ಮತ್ತು ಹೆಂಡತಿಯ ದಿನಚರಿ ಸರದಿಯಲ್ಲಿ ಬರುವ ‘ಗಾನ್ ಗರ್ಲ್’ (2012) ಇವೆಲ್ಲ ಆ ದಾರಿಯಲ್ಲೇ ಬಂದವು.

‘ದಿ ಮೂನ್‌ಸ್ಟೋನ್’ ಓದುವ ಮೈಸೂರು ಸೀಮೆಯವರು ಇನ್ನೊಂದನ್ನೂ ಗಮನಿಸಬೇಕು. ಫ್ರಾಂಕ್ಲಿನ್ ವಜ್ರ ಎತ್ತಿಕೊಳ್ಳುವುದನ್ನು ರೇಚಲ್ ಕಣ್ಣಾರೆ ಕಂಡಿದ್ದಳು. ಎಲ್ಲಕ್ಕಿಂತ ಹೆಚ್ಚು ಗೊತ್ತಿದ್ದ ಅವಳಿಗೆ ಕಾದಂಬರಿಯಲ್ಲಿ ಒಂದು ಅಧ್ಯಾಯವೂ ಇಲ್ಲ. ಕದ್ದ ವಜ್ರವನ್ನು ಅದರ ದೇವರಿಗೆ ಮರಳಿಸಲು ಸಮುದ್ರ ದಾಟಿ ಬಂದ ಮೂವರು ಭಾರತೀಯ ಬ್ರಾಹ್ಮಣರಿಗೂ ಇಲ್ಲ. ಅವರನ್ನು ಉಳಿದವರು ನೋಡುತ್ತಾರೆ, ಅನುಮಾನಿಸುತ್ತಾರೆ, ವರ್ಣಿಸುತ್ತಾರೆ. ಅವರ ಬಾಯಿಂದ ಕಥೆ ಬರುವುದಿಲ್ಲ. ಹಲವು ದೃಷ್ಟಿಕೋನಗಳಿವೆ ಎಂದಾಕ್ಷಣ ಎಲ್ಲರ ದೃಷ್ಟಿಯೂ ಇದೆ ಎಂದಲ್ಲ. ಯಾರಿಗೆ ಅಧ್ಯಾಯ ಸಿಕ್ಕಿಲ್ಲ ಎಂದು ಕೇಳಿಕೊಳ್ಳುವುದು ಇಂಥ ಕಾದಂಬರಿಯ ಓದಿನಲ್ಲಿ ಅತ್ಯಂತ ಉಪಯೋಗದ ಪ್ರಶ್ನೆ. ಕಥೆಯ ಗುಟ್ಟು ಬಹುಪಾಲು ಅಲ್ಲೇ ಇರುತ್ತದೆ. ಲೇಖಕರ ಕಾಲದ ಪೂರ್ವಗ್ರಹವೂ ಅಲ್ಲೇ ಕಾಣುತ್ತದೆ.

ಸಾಕ್ಷಿಗಳ ಮಾತು ಒಂದಕ್ಕೊಂದು ಹೊಂದಲೇಬೇಕಿಲ್ಲ ಎಂಬ ಮುಂದಿನ ಹೆಜ್ಜೆಯನ್ನು ಇಟ್ಟವನು ಜಪಾನಿನ ಅಕುತಗಾವ. 1922ರ ಅವನ ಸಣ್ಣಕಥೆಯೊಂದರಲ್ಲಿ ಒಂದು ಸಾವಿನ ಬಗ್ಗೆ ಏಳು ಜನ ಹೇಳಿಕೆ ಕೊಡುತ್ತಾರೆ; ಅವರಲ್ಲಿ ಸತ್ತವನ ಪ್ರೇತವೂ ಒಂದು. ಯಾವುದು ನಿಜವೆಂದು ಕಥೆ ಹೇಳುವುದೇ ಇಲ್ಲ. ಅದನ್ನು ಆಧರಿಸಿ ಕುರೊಸಾವ 1950ರಲ್ಲಿ ‘ರಾಶೊಮೊನ್’ ಚಿತ್ರ ಮಾಡಿದ. ಮಲ್ಪೆಯ ಕಡಲತೀರದ ಒಂದು ಘಟನೆಯನ್ನು ಹಲವರ ಕಣ್ಣಿಂದ ತೋರಿಸಿದ ರಕ್ಷಿತ್ ಶೆಟ್ಟಿಯವರ ‘ಉಳಿದವರು ಕಂಡಂತೆ’ (2014) ಈ ಕ್ರಮವನ್ನು ಕನ್ನಡದ ದೊಡ್ಡ ಪ್ರೇಕ್ಷಕವರ್ಗಕ್ಕೆ ಪರಿಚಯಿಸಿತು. ಮಾತನ್ನು ಪೂರ್ತಿ ನಂಬಲಾಗದ ನಿರೂಪಕರಿಗೆ ವಿಮರ್ಶೆಯಲ್ಲಿ ಒಂದು ಹೆಸರು ಬಂದದ್ದು 1961ರಲ್ಲಿ, ಅಮೆರಿಕದ ವೇಯ್ನ್ ಬೂತ್ ಅವರಿಂದ. ಹೆಸರಿಡುವುದಕ್ಕೆ ಬಹಳ ಮೊದಲೇ ಕಾದಂಬರಿಕಾರರು ಆ ಕೆಲಸ ಮಾಡಿಬಿಟ್ಟಿದ್ದರು.

ಒಂದೇ ಘಟನೆ ನಾಲ್ವರಲ್ಲಿ ನಾಲ್ಕು ಬಗೆಯಾಗುವುದು ಲೇಖಕರ ಕೈಚಳಕ ಮಾತ್ರವಲ್ಲ. ಮನಸ್ಸಿನ ಸ್ವಭಾವವೇ ಹಾಗೆ. ನೆನಪೆಂಬುದು ಇಟ್ಟಲ್ಲಿಂದ ಹಾಗೇ ತೆಗೆದುಕೊಳ್ಳುವ ವಸ್ತುವಲ್ಲ, ಪ್ರತಿಸಲವೂ ಹೊಸದಾಗಿ ಕಟ್ಟಿಕೊಳ್ಳುವಂಥದ್ದು ಎಂದು ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಬಾರ್ಟ್‌ಲೆಟ್ 1932ರಲ್ಲಿ ವಿವರಿಸಿದರು. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಅಮೆರಿಕದಲ್ಲಿ ಮಾಡಿದ ಪ್ರಯೋಗ ಇದನ್ನು ಇನ್ನೂ ಸ್ಪಷ್ಟಪಡಿಸಿತು. ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಚಿತ್ರ ತೋರಿಸಿ ಕಾರಿನ ವೇಗ ಎಷ್ಟಿತ್ತೆಂದು ಕೇಳಿದರು. ಕಾರುಗಳು ಒಂದಕ್ಕೊಂದು ‘ಅಪ್ಪಳಿಸಿದಾಗ’ ಎಂದು ಕೇಳಿದವರಿಗೆ ಸಿಕ್ಕ ಸರಾಸರಿ ಉತ್ತರ ಗಂಟೆಗೆ ಸುಮಾರು 41 ಮೈಲಿ. ‘ತಾಗಿದಾಗ’ ಎಂದು ಕೇಳಿದಾಗ ಸುಮಾರು 32 ಮೈಲಿ. ಇನ್ನೊಂದು ಸುತ್ತಿನಲ್ಲಿ, ಒಂದು ವಾರ ಬಿಟ್ಟು, ಒಡೆದ ಗಾಜು ಕಂಡಿರಾ ಎಂದು ಕೇಳಿದರು. ಚಿತ್ರದಲ್ಲಿ ಒಡೆದ ಗಾಜು ಇರಲೇ ಇಲ್ಲ. ‘ಅಪ್ಪಳಿಸಿದಾಗ’ ಎಂಬ ಮಾತು ಕೇಳಿಸಿಕೊಂಡಿದ್ದ 50 ಜನರಲ್ಲಿ 16 ಮಂದಿ ಗಾಜು ಕಂಡೆವೆಂದರು. ‘ಗುದ್ದಿದಾಗ’ ಎಂಬ ಸೌಮ್ಯ ಮಾತು ಕೇಳಿಸಿಕೊಂಡಿದ್ದ 50 ಜನರಲ್ಲಿ ಹಾಗೆಂದವರು 7 ಮಂದಿ. ಇವರಾರೂ ಸುಳ್ಳುಗಾರರಲ್ಲ. ಒಳ್ಳೆಯ ಮನೋವೈಜ್ಞಾನಿಕ ಥ್ರಿಲ್ಲರ್ ಇಂಥ ಪ್ರಾಮಾಣಿಕ ತಪ್ಪುಗಳ ಮೇಲೆಯೇ ನಿಂತಿರುತ್ತದೆ.

ಮನಸ್ಸನ್ನು ಶಾಸ್ತ್ರವಾಗಿ ಓದುವ ಕೆಲಸಕ್ಕೂ ಮೈಸೂರಿಗೂ ಹಳೆಯ ನಂಟು. ಮಹಾರಾಜ ಕಾಲೇಜಿನಲ್ಲಿ 1924ರಲ್ಲಿ ಮನಶ್ಶಾಸ್ತ್ರ ವಿಭಾಗ ಶುರುವಾಯಿತು. ದೇಶದಲ್ಲೇ ಅದು ಅತಿ ಹಳೆಯ ವಿಭಾಗಗಳಲ್ಲೊಂದು. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೊ ಪ್ರಸಾರ ಆರಂಭಿಸಿದವರೂ ಹೌದು. ಮೈಸೂರಿನ ಕಾಲೇಜಿನಲ್ಲಿ ಮನಶ್ಶಾಸ್ತ್ರ ಓದಿ ಮುಂದೆ ಕಾದಂಬರಿ ಬರೆದವರು ತ್ರಿವೇಣಿ (1928–1963). ಅನಸೂಯಾ ಶಂಕರ್ ಎಂಬುದು ಅವರ ನಿಜನಾಮ. ಬದುಕಿದ್ದು 35 ವರ್ಷವೂ ತುಂಬಿರದಷ್ಟು ಕಾಲ. ಅಷ್ಟರಲ್ಲಿ ಅವರು ಕನ್ನಡದ ಮಧ್ಯಮವರ್ಗದ ಮನೆಗಳಲ್ಲಿ ಯಾರೂ ಬಾಯಿಬಿಟ್ಟು ಆಡದ ಮಾತುಗಳನ್ನು ಕಾದಂಬರಿಗೆ ತಂದರು. ಚಾಮುಂಡಿಪುರಂನಲ್ಲಿ ಅವರು ಬಾಳಿದ ಮನೆ ಈಗ ಅವರ ನೆನಪಿನ ವಸ್ತುಸಂಗ್ರಹಾಲಯ.

ತ್ರಿವೇಣಿಯವರ ‘ಶರಪಂಜರ’ವನ್ನು ಯಾರೂ ಥ್ರಿಲ್ಲರ್ ಎಂದು ಕರೆಯುವುದಿಲ್ಲ. ಆದರೂ ಕನ್ನಡದಲ್ಲಿ ಅದಕ್ಕಿಂತ ಎದೆ ನಡುಗಿಸುವ ಕಥೆ ಹೆಚ್ಚಿಲ್ಲ. ಹೆರಿಗೆಯ ನಂತರ ಮನಸ್ಸಿನ ಸ್ವಾಸ್ಥ್ಯ ಕಳೆದುಕೊಂಡ ಕಾವೇರಿ ಚಿಕಿತ್ಸೆಯಿಂದ ಗುಣವಾಗಿ ಮನೆಗೆ ಮರಳುತ್ತಾಳೆ. ಅವಳು ನೆಟ್ಟಗಿದ್ದಾಳೆಂದು ಓದುಗರಿಗೆ ಗೊತ್ತು, ಅವಳಿಗೂ ಗೊತ್ತು. ಸುತ್ತಲಿನವರಿಗೆ ಮಾತ್ರ ಅವಳು ಇನ್ನೂ ಹುಚ್ಚಿಯೇ. ಅವಳು ನಕ್ಕರೂ ಅನುಮಾನ, ಸಿಟ್ಟಾದರೂ ಅನುಮಾನ. ತನ್ನ ಕಣ್ಣಿಗೆ ಬಿದ್ದ ನಿಜವನ್ನು ಹೇಳಿದರೆ ಅದನ್ನೇ ಕಾಯಿಲೆಯ ಗುರುತೆಂದು ತಳ್ಳಿಹಾಕುತ್ತಾರೆ. ಥ್ರಿಲ್ಲರ್‌ಗಳಲ್ಲಿ ನಿರೂಪಕರನ್ನು ನಂಬಬಹುದೇ ಎಂದು ಓದುಗರು ಕೇಳಿಕೊಳ್ಳುತ್ತಾರಷ್ಟೆ. ತ್ರಿವೇಣಿ ಆ ಪ್ರಶ್ನೆಯನ್ನು ಮಗ್ಗುಲು ಬದಲಿಸಿ ಇಟ್ಟರು. ಮನೋರೋಗದ ಚರಿತ್ರೆ ಇದೆಯೆಂಬ ಒಂದೇ ಕಾರಣಕ್ಕೆ ಒಬ್ಬಳ ಸಾಕ್ಷ್ಯವನ್ನು ತಳ್ಳಿಹಾಕುವವರೇ ಇಲ್ಲಿ ನಂಬಲಾಗದವರು. ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾದದ್ದು 1954ರಲ್ಲಿ. ಮನಸ್ಸಿನ ಕಾಯಿಲೆಗೆ ಮದ್ದಿದೆ ಎಂಬುದೇ ಹೊಸ ಸುದ್ದಿಯಾಗಿದ್ದ ಆ ಕಾಲದಲ್ಲಿ ಹೀಗೆ ಬರೆಯುವುದಕ್ಕೆ ಧೈರ್ಯ ಬೇಕಿತ್ತು. ಮುಂದೆ ಪುಟ್ಟಣ್ಣ ಕಣಗಾಲ್ ಇದನ್ನು ಚಿತ್ರವಾಗಿಸಿದಾಗ ಕಾವೇರಿಯಾಗಿ ನಟಿಸಿದವರು ಕಲ್ಪನಾ.

ಕತ್ತಲ ಕಡೆಗೆ ಇನ್ನೂ ಒಂದು ಹೆಜ್ಜೆ ಮುಂದೆ ಹೋದದ್ದು ಮೈಸೂರಿನಲ್ಲೇ ನೆಲೆಸಿದ್ದ ಎಸ್.ಎಲ್. ಭೈರಪ್ಪನವರ ‘ಅಂಚು’ (1990). ನಡೆಯುವುದೂ ಮೈಸೂರಿನಲ್ಲೇ. ಕಾಲೇಜಿನಲ್ಲಿ ಪಾಠ ಮಾಡುವ ಅಮೃತಾ ಮತ್ತು ವಾಸ್ತುಶಿಲ್ಪಿ ಸೋಮಶೇಖರ ಇಬ್ಬರ ನಡುವಿನ ಸಂಬಂಧ ಅದರ ವಸ್ತು. ಬಾಲ್ಯದಲ್ಲಿ ತನ್ನವರಿಂದಲೇ ಮೋಸಹೋದ ಅಮೃತಾ ಪ್ರೀತಿಯ ತುತ್ತತುದಿಯಿಂದ ಕ್ರೌರ್ಯಕ್ಕೆ, ಅಲ್ಲಿಂದ ಸಾವಿನ ಸೆಳೆತಕ್ಕೆ ಕ್ಷಣದಲ್ಲಿ ಜಾರುತ್ತಾಳೆ. ಇಲ್ಲಿ ಕೊಲೆಯಿಲ್ಲ, ಪೊಲೀಸರಿಲ್ಲ. ಈ ರಾತ್ರಿ ಇವಳು ಉಳಿಯುತ್ತಾಳೆಯೇ ಎಂಬ ಒಂದೇ ಆತಂಕ ನೂರಾರು ಪುಟಗಳನ್ನು ಬಿಗಿಯಾಗಿ ಹಿಡಿದಿಡುತ್ತದೆ. ಅವಳ ಒಳಗಿಂದ ನೋಡಿದರೆ ಆ ಸಿಟ್ಟಿಗೆ ಕಾರಣವಿದೆ. ಅವನ ಕಡೆಯಿಂದ ನೋಡಿದರೆ ಅದು ಯಾವಾಗ ಎರಗುತ್ತದೆಂದು ತಿಳಿಯದ ಸಿಡಿಲು. ಎರಡನ್ನೂ ಒಟ್ಟಿಗೆ ಹಿಡಿದುಕೊಂಡು ಓದುವುದು ಸುಲಭವಲ್ಲ. ಮನಸ್ಸು ಕುಗ್ಗಿರುವ ಹೊತ್ತಿನಲ್ಲಿ ಇಂಥ ಪುಸ್ತಕವನ್ನು ಬದಿಗಿಡುವುದೇ ಒಳ್ಳೆಯದು. ಓದು ಭಾರವಾದರೆ ನಡುವೆ ನಿಲ್ಲಿಸಿ ಹತ್ತಿರದವರೊಡನೆ ಮಾತಾಡುವುದರಲ್ಲಿ ಸೋಲೇನೂ ಇಲ್ಲ.

ಹಲವು ದೃಷ್ಟಿಕೋನಗಳ ಕಟ್ಟಡವನ್ನು ದೊಡ್ಡದಾಗಿ ನೋಡಬೇಕೆನ್ನುವವರಿಗೆ ಭೈರಪ್ಪನವರದೇ ‘ಪರ್ವ’ (1979) ಇದೆ. ಶಲ್ಯ, ಕುಂತಿ, ದ್ರೌಪದಿ, ಭೀಮ, ಕರ್ಣ ಮೊದಲಾದವರ ನೆನಪುಗಳ ಒಳಗೆ ಕಥೆ ಸಾಗುತ್ತದೆ. ಪಾಂಡವರು ನಿಯೋಗದಿಂದ ಹುಟ್ಟಿದವರೆಂಬ ಒಂದೇ ಸಂಗತಿ ಕುಂತಿಗೆ ಮೈಮನಸ್ಸಿನ ನೆನಪು, ದುರ್ಯೋಧನನಿಗೆ ರಾಜ್ಯ ನಿರಾಕರಿಸುವ ವಾದ, ಭೀಷ್ಮನಿಗೆ ಬಿಡಿಸಲಾಗದ ಧರ್ಮಸಂಕಟ. ಸಂಗತಿ ಬದಲಾಗಿಲ್ಲ, ನೋಡುವ ಜಾಗ ಬದಲಾಗಿದೆ. ಎಲ್ಲರ ಕಥೆಯಲ್ಲೂ ಇರುವ ಕೃಷ್ಣನನ್ನು ಮಾತ್ರ ಓದುಗರು ಉಳಿದವರ ಕಣ್ಣಿಂದಲೇ ಕಾಣಬೇಕು. ಅವನ ಒಳಮನಸ್ಸಿಗೆ ಬಾಗಿಲು ತೆರೆಯದೆ ಇರುವುದರಿಂದಲೇ ಅವನು ಕಾದಂಬರಿಯಲ್ಲಿ ಅಷ್ಟು ಎತ್ತರವಾಗಿ ನಿಂತಿದ್ದಾನೆ. ಮೈಸೂರಿನ ರಂಗಾಯಣ 2021ರಲ್ಲಿ ಪ್ರಕಾಶ್ ಬೆಳವಾಡಿ ಅವರ ನಿರ್ದೇಶನದಲ್ಲಿ ಇದನ್ನು ದೀರ್ಘ ನಾಟಕವಾಗಿ ರಂಗಕ್ಕೆ ತಂದಿತು.

ಅಧ್ಯಾಯ ಸಿಗದವರ ಪ್ರಶ್ನೆಗೆ ಕನ್ನಡದಲ್ಲಿ ಎಂಟು ನೂರು ವರ್ಷ ಹಿಂದಿನ ಉದಾಹರಣೆಯೂ ಇದೆ. ಹೊಯ್ಸಳರ ಕಾಲದ ಜನ್ನ 1209ರಲ್ಲಿ ಬರೆದ ‘ಯಶೋಧರ ಚರಿತೆ’ಯಲ್ಲಿ ರಾಣಿ ಅಮೃತಮತಿ ಇರುಳಲ್ಲಿ ಕೇಳಿದ ಹಾಡಿಗೆ ಮನಸೋತು ಕುರೂಪಿ ಮಾವುತನನ್ನು ಸೇರುತ್ತಾಳೆ, ಕೊನೆಗೆ ಗಂಡನಿಗೂ ಅತ್ತೆಗೂ ವಿಷವಿಕ್ಕುತ್ತಾಳೆ. ಕಾಮ, ಅಸಹ್ಯ, ಕೊಲೆ, ಅಪರಾಧಪ್ರಜ್ಞೆ ಎಲ್ಲವೂ ಇರುವ ಈ ಕಥೆಯನ್ನು ಹೇಳುವವನು ಹಲವು ಜನ್ಮ ಕಳೆದು ಅಭಯರುಚಿಯಾಗಿ ಹುಟ್ಟಿಬಂದ ಯಶೋಧರ. ಅಂದರೆ ಕೊಲೆಯಾದ ಗಂಡನೇ ನಿರೂಪಕ. ರಾಣಿಯ ಮನಸ್ಸು ಅವನಿಗೆ ಕಂಡಷ್ಟೇ ಓದುಗರಿಗೂ ಕಾಣುತ್ತದೆ. ಗಿರೀಶ ಕಾರ್ನಾಡರು ‘ಹಿಟ್ಟಿನ ಹುಂಜ’ ನಾಟಕದಲ್ಲಿ ಈ ಕಥೆಯನ್ನು ಮತ್ತೆ ತೆಗೆದುಕೊಂಡಾಗ ರಾಣಿ ತಾನೇ ಮಾತಾಡಿದಳು. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದವರಿಗೆ ದೃಷ್ಟಿಕೋನ ಎಂಬುದರ ಶಕ್ತಿಯನ್ನು ಬೇರೆ ಯಾರೂ ವಿವರಿಸಬೇಕಿಲ್ಲ.

ಒಬ್ಬರ ಕಣ್ಣಿನಿಂದಲೇ ನೋಡಿಸುವ ಕೃತಿಗಳೂ ಈ ಓದಿಗೆ ಒಳ್ಳೆಯ ತಯಾರಿ. ಯಶವಂತ ಚಿತ್ತಾಲರ ‘ಶಿಕಾರಿ’ಯಲ್ಲಿ (1979) ಮುಂಬಯಿಯ ಕಂಪನಿಯೊಂದರ ಅಧಿಕಾರಿ ನಾಗಪ್ಪನ ಸುತ್ತ ಸಂಚು ಹೆಣೆಯಲಾಗುತ್ತದೆ. ಅದರಲ್ಲಿ ಹೊರಗಿನದೆಷ್ಟು, ಅವನ ಹೆದರಿಕೆ ಹುಟ್ಟಿಸಿದ್ದೆಷ್ಟು ಎಂದು ಓದುಗರು ಅವನೊಂದಿಗೇ ತಡಕಾಡಬೇಕು. ವಿವೇಕ ಶಾನಭಾಗರ ‘ಘಾಚರ್ ಘೋಚರ್’ನಲ್ಲಿ (2013) ನಿರೂಪಕ ಸಭ್ಯ, ಮೆದು ಮಾತಿನವನು. ಮನೆಯವರ ನಡತೆಯನ್ನು ವಿವರಿಸುತ್ತ ಹೋಗುತ್ತಾನೆ; ತಾನು ಏನೂ ಮಾಡದೆ ಸುಮ್ಮನಿದ್ದ ಕ್ಷಣಗಳನ್ನು ಬೇಗ ದಾಟಿಬಿಡುತ್ತಾನೆ. ಹೇಳುವವರು ಎಲ್ಲಿ ಅವಸರ ಮಾಡುತ್ತಾರೋ ಅಲ್ಲಿ ಓದು ನಿಧಾನವಾಗಬೇಕು.

ಓದುವಾಗ ಕೈಯಲ್ಲಿ ಪೆನ್ಸಿಲ್ ಇದ್ದರೆ ಒಳ್ಳೆಯದು. ಪ್ರತಿ ಅಧ್ಯಾಯದ ತಲೆಯಲ್ಲಿರುವ ಹೆಸರು, ತಾರೀಕುಗಳನ್ನು ಹಾರಿಸಬಾರದು. ಇಂಥ ಕಾದಂಬರಿಗಳು ಓದುಗರನ್ನು ಹೆಚ್ಚಾಗಿ ದಾರಿತಪ್ಪಿಸುವುದು ಕಾಲದ ವಿಷಯದಲ್ಲೇ. ಒಬ್ಬರ ಕಥೆ ಇವತ್ತಿನದು, ಇನ್ನೊಬ್ಬರದು ಒಂದು ವರ್ಷ ಹಿಂದಿನದು ಎಂಬುದು ಮರೆತರೆ ಎರಡೂ ಒಟ್ಟಿಗೆ ನಡೆಯುತ್ತಿವೆ ಎಂದೇ ಅನ್ನಿಸುತ್ತದೆ. ಆಮೇಲೆ, ಹೇಳುವವರು ಯಾರಿಗೆ ಹೇಳುತ್ತಿದ್ದಾರೆ ಎಂಬುದನ್ನು ನೋಡಬೇಕು. ಪೊಲೀಸರ ಮುಂದೆ ಆಡಿದ ಮಾತು, ದಿನಚರಿಯಲ್ಲಿ ಬರೆದದ್ದು, ಸ್ನೇಹಿತೆಗೆ ಬರೆದ ಪತ್ರ ಮೂರಕ್ಕೂ ಒಂದೇ ತೂಕವಿಲ್ಲ. ಯಾರಾದರೂ ಓದಲಿ ಎಂದೇ ಬರೆದ ದಿನಚರಿಯೂ ಇರುತ್ತದೆ. ಇಬ್ಬರ ಹೇಳಿಕೆಯಲ್ಲೂ ಬರುವ ಒಂದು ಚಿಕ್ಕ ವಸ್ತು, ಬಾಗಿಲ ಬಣ್ಣಕ್ಕೆ ತಗುಲಿದ ಕಲೆಯೋ ಮಾಸಿದ ಉಡುಪೋ, ದೊಡ್ಡ ಭಾಷಣಕ್ಕಿಂತ ಹೆಚ್ಚು ನಂಬಿಕೆಗೆ ಅರ್ಹ. ‘ದಿ ಮೂನ್‌ಸ್ಟೋನ್’ನ ಗಂಟು ಬಿಚ್ಚಿಕೊಳ್ಳುವುದು ಅಂಥ ಒಂದು ಕಲೆಯಿಂದಲೇ. ಇವೆಲ್ಲದರ ಜೊತೆಗೆ ತಮ್ಮ ಒಲವಿನ ಮೇಲೂ ಕಣ್ಣಿಡಬೇಕು. ಮೊದಲು ಮಾತಾಡಿದವರ ಪಕ್ಷ ವಹಿಸುವುದು, ಚೆನ್ನಾಗಿ ಮಾತಾಡುವವರನ್ನು ನಂಬುವುದು, ಅಳುವವರನ್ನು ನಿರ್ದೋಷಿ ಎಂದುಕೊಳ್ಳುವುದು ಎಲ್ಲರ ಸಹಜ ಬಲಹೀನತೆ, ಮತ್ತು ಜಾಣ ಲೇಖಕರು ಅದನ್ನು ಬಲ್ಲರು.

ಈ ಪ್ರಕಾರದಲ್ಲಿ ಕಳಪೆ ಕೃತಿಗಳೂ ರಾಶಿ ಬಂದಿವೆ. ಅವುಗಳ ದೋಷ ಗುರುತಿಸುವುದು ಕಷ್ಟವಲ್ಲ. ಮೂವರು ಹೇಳುತ್ತಿದ್ದಾರೆಂದು ಹೆಸರಿಗಿದ್ದರೂ ಮೂವರ ಮಾತಿನ ಧಾಟಿ ಒಂದೇ ಆಗಿರುತ್ತದೆ. ಮಂಡ್ಯದ ರೈತನೂ ಮೈಸೂರಿನ ಪ್ರಾಧ್ಯಾಪಕಿಯೂ ಒಂದೇ ಗ್ರಂಥಸ್ಥ ಕನ್ನಡ ಆಡಿದರೆ ಅಲ್ಲಿರುವುದು ಎರಡು ದೃಷ್ಟಿಕೋನವಲ್ಲ, ಒಬ್ಬರೇ ಲೇಖಕರು. ಮನೋರೋಗವನ್ನೇ ಅಪರಾಧದ ಕಾರಣವಾಗಿ ಕೊನೆಯಲ್ಲಿ ಮುಂದೊಡ್ಡುವುದು ಇನ್ನೊಂದು, ಹೆಚ್ಚು ಹಾನಿಯ ದೋಷ. ಕಾವೇರಿಯ ಮನೆಯವರು ಮಾಡಿದ ತಪ್ಪನ್ನೇ ಅಂಥ ಲೇಖಕರು ಮತ್ತೆ ಮಾಡುತ್ತಾರೆ. ಮೂರನೆಯದು ಮೋಸ: ನಿರೂಪಕರಿಗೆ ಗೊತ್ತಿದ್ದ, ಆ ಗಳಿಗೆಯಲ್ಲಿ ಅವರ ಮನಸ್ಸಿಗೆ ಬಾರದೆ ಇರಲು ಸಾಧ್ಯವೇ ಇಲ್ಲದ ಸಂಗತಿಯನ್ನು ಬರೀ ಓದುಗರಿಂದ ಅಡಗಿಸಲೆಂದು ಬಿಟ್ಟುಬಿಡುವುದು. ಅಗಾಥಾ ಕ್ರಿಸ್ಟಿಯ ‘ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್’ 1926ರಲ್ಲಿ ಬಂದಾಗ ಲೇಖಕಿ ಈ ಗೆರೆ ದಾಟಿದರೇ ಇಲ್ಲವೇ ಎಂದು ದೊಡ್ಡ ವಾದವೇ ನಡೆಯಿತು. ಆ ವಾದವನ್ನು ತೀರಿಸುವ ದಾರಿ ಎರಡನೆಯ ಓದು. ಗುಟ್ಟು ಗೊತ್ತಾದ ಮೇಲೆ ಮೊದಲ ಪುಟದಿಂದ ಮತ್ತೆ ಓದಿದಾಗ ಪ್ರತಿ ನಿರೂಪಕರ ಪ್ರತಿ ವಾಕ್ಯವೂ ಅವರ ಸ್ಥಾನದಿಂದ ಸರಿಯಾಗಿಯೇ ಇದ್ದರೆ, ತಪ್ಪಿದ್ದು ತಾವು ಅದನ್ನು ಅರ್ಥಮಾಡಿಕೊಂಡ ರೀತಿಯಲ್ಲಿ ಮಾತ್ರ ಎಂದು ಓದುಗರಿಗೆ ಕಂಡರೆ, ಲೇಖಕರು ಮೋಸ ಮಾಡಿಲ್ಲ.